ಮೇನ್ಸ್ ಮಧ್ಯಾಹ್ನದ ಪೇಪರ್‌ನಲ್ಲಿ ತಲೆ ಓಡದಾಗ ಏನು ಮಾಡುತ್ತೀರಿ?

ಸಪ್ತಾಪುರದ ಓದುಗ
ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿದ್ದುಕೊಂಡು ಯುಪಿಎಸ್‌ಸಿ ಮೇನ್ಸ್‌ಗೆ, ಅಂದರೆ ನಾಗರಿಕ ಸೇವೆಯ ಲಿಖಿತ ಮುಖ್ಯ ಪರೀಕ್ಷೆಗೆ ತಯಾರಿ ಮಾಡುತ್ತಿದ್ದೇನೆ. ಕನ್ನಡ ಮಾಧ್ಯಮ, ಆಪ್ಷನಲ್ (ನಾನೇ ಆರಿಸಿಕೊಂಡ ವಿಷಯ) ಕನ್ನಡ ಸಾಹಿತ್ಯ. ಬೆಳಿಗ್ಗೆಯ ಟೆಸ್ಟ್ ಚೆನ್ನಾಗಿಯೇ ಬರೆಯುತ್ತೇನೆ. ಅದೇ ದಿನ ಮಧ್ಯಾಹ್ನ ಇನ್ನೊಂದು ಪೇಪರ್‌ಗೆ ಕೂತರೆ ತೊಂದರೆ ಶುರು. ಒಂದು ಗಂಟೆ ಕಳೆದ ಮೇಲೆ ಪ್ರಶ್ನೆಯನ್ನು ಮತ್ತೆ ಮತ್ತೆ ಓದಿದರೂ ತಲೆಗೆ ಹೋಗುವುದಿಲ್ಲ. ಗೊತ್ತಿರುವ ವಿಷಯವೂ ಕೈಗೆ ಸಿಗುವುದಿಲ್ಲ. ಬೆರಳು ನೋವು ಬೇರೆ. ಕೊನೆಯ ಪ್ರಶ್ನೆಗಳಿಗೆ ಏನೋ ಗೀಚಿ ಎದ್ದು ಬರುತ್ತೇನೆ.

ನಿದ್ದೆ ಮಾಡು, ಧ್ಯಾನ ಮಾಡು ಅಂತ ಎಲ್ಲರೂ ಹೇಳುತ್ತಾರೆ. ಹಾಲ್‌ನಲ್ಲಿ ಕೂತಿರುವಾಗ, ಆ ಮೂರು ಗಂಟೆಯೊಳಗೆ ಏನು ಮಾಡಬಹುದು? ಬರೆದು ಬಂದವರು ದಯವಿಟ್ಟು ಹೇಳಿ.

ತುಂಗಾತೀರ
ನಾನು ಮೇನ್ಸ್ ಬರೆದವಳು, ಈಗ ಕೆಲಸದಲ್ಲಿದ್ದೇನೆ. ನಿಮ್ಮ ಪ್ರಶ್ನೆ ನನಗೆ ತುಂಬಾ ಮುಖ್ಯ ಅನಿಸಿತು. ಓದಿನ ಬಗ್ಗೆ ಸಾವಿರ ಜನ ಮಾತಾಡುತ್ತಾರೆ. ಈ ದಣಿವಿನ ಬಗ್ಗೆ ಕೂತು ಮಾತಾಡುವವರು ಕಡಿಮೆ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಮೊದಲು ಲೆಕ್ಕ ನೋಡೋಣ. ಜಿಎಸ್ (ಸಾಮಾನ್ಯ ಅಧ್ಯಯನ) ಪೇಪರ್ 1ರಿಂದ 3ರವರೆಗೆ ಒಂದೊಂದರಲ್ಲೂ 20 ಪ್ರಶ್ನೆ, 250 ಅಂಕ. ಹತ್ತು ಅಂಕದ್ದು ಹತ್ತು, ಹದಿನೈದು ಅಂಕದ್ದು ಹತ್ತು. ಕೈಯಲ್ಲಿರುವುದು 180 ನಿಮಿಷ. ಹತ್ತು ಅಂಕಕ್ಕೆ 7 ನಿಮಿಷ, ಹದಿನೈದಕ್ಕೆ 11 ನಿಮಿಷ ಇಟ್ಟರೆ 70 ಮತ್ತು 110. ಅಲ್ಲಿಗೆ ಮುಗಿಯಿತು, ಒಂದು ನಿಮಿಷವೂ ಉಳಿಯುವುದಿಲ್ಲ. ಈಗ ಪ್ರತಿ ಪ್ರಶ್ನೆ ಮುಗಿದ ಮೇಲೆ "ಮುಂದೆ ಯಾವುದು ಬರೆಯಲಿ" ಅಂತ ಅರ್ಧ ನಿಮಿಷ ಯೋಚಿಸಿದಿರಿ ಅಂತಿಟ್ಟುಕೊಳ್ಳಿ. ಇಪ್ಪತ್ತು ಪ್ರಶ್ನೆಗೆ ಹತ್ತು ನಿಮಿಷ ಹೋಯಿತು. ಹದಿನೈದು ಅಂಕದ ಒಂದು ಉತ್ತರವೇ ಹೋಯಿತು, ಅಲ್ವಾ?

ನಾನು ಕಂಡಿದ್ದು ಇದು. ದಣಿದಾಗಲೂ ಕೈ ಬರೆಯುತ್ತದೆ, ಓದಿದ್ದು ಒಳಗೇ ಇರುತ್ತದೆ. ಮೊದಲು ಕೈಕೊಡುವುದು ತೀರ್ಮಾನ ಮಾಡುವ ಶಕ್ತಿ. ಇದನ್ನು ಬರೆಯಲಾ, ಅದನ್ನು ಬಿಡಲಾ, ಇನ್ನೊಂದು ಉದಾಹರಣೆ ಹಾಕಲಾ ಅನ್ನುವ ಈ ಸಣ್ಣಸಣ್ಣ ತೀರ್ಮಾನಗಳೇ ತಲೆಯನ್ನು ಹಿಂಡುತ್ತವೆ. ಆದ್ದರಿಂದ ಮಧ್ಯಾಹ್ನ ಮಾಡಬೇಕಾದ ತೀರ್ಮಾನಗಳನ್ನೆಲ್ಲ ಮನೆಯಲ್ಲೇ ಮಾಡಿ ಮುಗಿಸಿ. ಹಾಲ್‌ನಲ್ಲಿ ಹೊಸದಾಗಿ ಯೋಚಿಸುವ ಕೆಲಸ ಉತ್ತರದ ಒಳಗೆ ಮಾತ್ರ ಇರಲಿ.

ಮಧ್ಯಾಹ್ನದ ಪೇಪರ್ 2:30ಕ್ಕೆ ಶುರು. 3:40ಕ್ಕೆ ಹತ್ತು ಅಂಕದ ಹತ್ತೂ ಮುಗಿದಿರಬೇಕು. 4:35ಕ್ಕೆ ಹದಿನೈದರಲ್ಲಿ ಐದು ಮುಗಿದಿರಬೇಕು. 5:30ಕ್ಕೆ ಉಳಿದ ಐದು. ನಡುವೆ ಗಡಿಯಾರ ನೋಡುವುದು ಈ ಎರಡೇ ಸಲ. ಪ್ರತಿ ಉತ್ತರಕ್ಕೂ ಗಡಿಯಾರ ನೋಡಿದರೆ ಗಾಬರಿ ಜಾಸ್ತಿ ಆಗುತ್ತದೆಯೇ ಹೊರತು ವೇಗ ಬರುವುದಿಲ್ಲ.

ಪ್ರಶ್ನೆ ತಲೆಗೆ ಹೋಗದಿದ್ದರೆ ಕಣ್ಣಲ್ಲಿ ಮತ್ತೆ ಓದಬೇಡಿ, ಪೆನ್ನಲ್ಲಿ ಓದಿ. ಏನು ಮಾಡು ಅಂತ ಕೇಳಿದ್ದಾರೋ ಆ ಪದಕ್ಕೆ ಗೆರೆ ಎಳೆಯಿರಿ. ಪ್ರಶ್ನೆಯಲ್ಲಿ ಎರಡು ಭಾಗ ಇದ್ದರೆ ಎರಡು ಸಣ್ಣ ತಲೆಬರಹ ಮಾಡಿ ಉತ್ತರದ ಜಾಗದಲ್ಲಿ ಬರೆದುಬಿಡಿ. ಕೆಳಗೆ ಏನು ತುಂಬಬೇಕು ಅನ್ನುವುದು ಆಮೇಲೆ ತಾನಾಗಿ ಬರುತ್ತದೆ. ಎರಡು ಸಲ ಓದಿಯೂ ಏನೂ ಹೊಳೆಯಲಿಲ್ಲವಾ? ಬಿಟ್ಟು ಮುಂದಕ್ಕೆ ಹೋಗಿ. ಉತ್ತರ ಪುಸ್ತಕದಲ್ಲಿ ಪ್ರತಿ ಪ್ರಶ್ನೆಗೂ ಅದರದೇ ಜಾಗ ಇರುವುದರಿಂದ ವಾಪಸ್ ಬಂದು ಬರೆಯಲು ತೊಂದರೆ ಇಲ್ಲ.

ಕೆಎಎಸ್ ಕನಸು
ಅಕ್ಕ, ತುಂಬಾ ಉಪಯೋಗ ಆಯಿತು. ಒಂದು ಸಣ್ಣ ಪ್ರಶ್ನೆ. ಮಧ್ಯದ ಬಿಡುವಿನಲ್ಲಿ ಟೀ ಕುಡಿಯಬಹುದಾ? ನನಗೆ ಊಟ ಆದ ಕೂಡಲೇ ಕಣ್ಣು ಎಳೆಯುತ್ತದೆ.

ತುಂಗಾತೀರ
ದಿನಾ ಕುಡಿಯುವವರಾದರೆ ಕುಡಿಯಿರಿ. ಅಭ್ಯಾಸ ಇಲ್ಲದಿದ್ದರೆ ಪರೀಕ್ಷೆ ದಿನ ಹೊಸದಾಗಿ ಶುರು ಮಾಡಬೇಡಿ. ಟೀ, ಕಾಫಿಯ ಪರಿಣಾಮ ಕುಡಿದ ತಕ್ಷಣ ಬರುವುದಿಲ್ಲ, ಅರ್ಧ ಮುಕ್ಕಾಲು ಗಂಟೆ ಬೇಕು. ಹಾಗೆಯೇ ಬೇಗ ಹೋಗುವುದೂ ಇಲ್ಲ. ಕುಡಿದು ಐದು ಗಂಟೆ ಕಳೆದ ಮೇಲೂ ಅದರಲ್ಲಿರುವ ಕೆಫೀನ್ ಸುಮಾರು ಅರ್ಧದಷ್ಟು ಮೈಯಲ್ಲೇ ಇರುತ್ತದೆ. ಅದಕ್ಕೇ 1:30ರ ಟೀ ಪರವಾಗಿಲ್ಲ. ಪೇಪರ್ ಮುಗಿಸಿ ಸಂಜೆ ಆರಕ್ಕೆ ಸ್ನೇಹಿತರ ಜೊತೆ ಕುಡಿಯುವ ಎರಡು ಲೋಟ ಕಾಫಿ ಮಾತ್ರ ಮಾರನೇ ದಿನದ ಪೇಪರನ್ನು ಕೆಡಿಸುತ್ತದೆ.

ಇನ್ನೊಂದು ವಿಷಯ. ಬಿಡುವು 12ರಿಂದ 2:30 ಅಂತ ಕಾಗದದ ಮೇಲೆ ಇದ್ದರೂ ಪರೀಕ್ಷೆಗೆ ಅರ್ಧ ಗಂಟೆ ಮೊದಲೇ ಗೇಟು ಮುಚ್ಚುತ್ತಾರೆ. ಬೆಳಿಗ್ಗೆಯ ಪೇಪರ್ ಕೊಟ್ಟು ಹೊರಗೆ ಬರುವುದಕ್ಕೇ ಸ್ವಲ್ಪ ಹೊತ್ತು ಬೇಕು. ನಿಜವಾಗಿ ಸಿಗುವುದು ಒಂದೂವರೆ ಗಂಟೆ. ಆ ಹೊತ್ತಲ್ಲಿ ಹೋಟೆಲ್ ಹುಡುಕಿಕೊಂಡು ಬೆಂಗಳೂರಿನ ಟ್ರಾಫಿಕ್‌ನಲ್ಲಿ ಓಡಾಡಬೇಡಿ. ಮೊಸರನ್ನವೋ ಚಪಾತಿಯೋ ಡಬ್ಬಿಯಲ್ಲಿ ತನ್ನಿ, ಹೊಟ್ಟೆ ಬಿರಿಯುವಷ್ಟು ತಿನ್ನಬೇಡಿ. ಮಧ್ಯಾಹ್ನ ಎರಡು ಮೂರರ ಹೊತ್ತಿಗೆ ಮೈ ಮಂದವಾಗುವುದು ಸಹಜ, ಊಟ ಮಾಡದಿದ್ದರೂ ಆಗುತ್ತದೆ. ಹೆಚ್ಚು ತಿಂದರೆ ಇನ್ನೂ ಜಾಸ್ತಿ. ಎಲ್ಲಾದರೂ ನೆರಳಲ್ಲಿ ಗೋಡೆಗೆ ಒರಗಿ ಹದಿನೈದು ನಿಮಿಷ ಕಣ್ಣು ಮುಚ್ಚಿ. ನಿದ್ದೆ ಬರದಿದ್ದರೂ ಸರಿ.

ಮತ್ತೆ ದಯವಿಟ್ಟು ಬೆಳಿಗ್ಗೆಯ ಪೇಪರ್ ಬಗ್ಗೆ ಯಾರ ಹತ್ತಿರವೂ ಮಾತಾಡಬೇಡಿ. "ಹನ್ನೊಂದನೇ ಪ್ರಶ್ನೆಗೆ ಏನು ಬರೆದೆ" ಅಂತ ಕೇಳುವವರು ಎಲ್ಲ ಸೆಂಟರ್‌ನಲ್ಲೂ ಇರುತ್ತಾರೆ. ನಕ್ಕು ಪಕ್ಕಕ್ಕೆ ಹೋಗಿ.

ಬಯಲುಸೀಮೆ
ಬ್ರದರ್, ನೀವು ಕನ್ನಡ ಮಾಧ್ಯಮ ಅಂದಿರಿ, ಅದಕ್ಕೇ ಬರೆಯುತ್ತಿದ್ದೇನೆ. ನಾನೂ ಕನ್ನಡದಲ್ಲೇ ಬರೆದವನು. ನಮ್ಮ ದಣಿವಿಗೆ ಇನ್ನೊಂದು ಕಾರಣ ಇದೆ, ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕನ್ನಡದಲ್ಲಿ ಉತ್ತರ ಬರೆಯಲು ಅವಕಾಶ ಇದೆ ನಿಜ, ಆದರೆ ಮೇನ್ಸ್‌ನ ಜಿಎಸ್ ಪ್ರಶ್ನೆ ಪತ್ರಿಕೆ ಬರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ನಾವು ಇಂಗ್ಲಿಷ್‌ನಲ್ಲಿ ಓದಬೇಕು, ಅರ್ಥ ಮಾಡಿಕೊಳ್ಳಬೇಕು, ಆಮೇಲೆ ಕನ್ನಡದಲ್ಲಿ ಬರೆಯಬೇಕು. ಪಕ್ಕದಲ್ಲಿ ಇಂಗ್ಲಿಷ್‌ನಲ್ಲಿ ಬರೆಯುವವನಿಗೆ ಈ ಕೆಲಸ ಇಲ್ಲ. ದಿನಕ್ಕೆ ಆರು ಗಂಟೆ ಹೀಗೆ ಮಾಡಿದರೆ ಯಾರಿಗೇ ಆಗಲಿ ತಲೆ ಭಾರವಾಗುತ್ತದೆ. ಇದು ನಿಮ್ಮ ಬುದ್ಧಿಯ ದೋಷ ಅಲ್ಲ ಅಂತ ಮೊದಲು ಮನಸ್ಸಿಗೆ ಹೇಳಿಕೊಳ್ಳಿ.

ಪರಿಹಾರ ಎರಡಿದೆ. ಒಂದು, ಅಭ್ಯಾಸಕ್ಕೆ ಕನ್ನಡಕ್ಕೆ ಅನುವಾದಿಸಿದ ಪ್ರಶ್ನೆ ಇಟ್ಟುಕೊಳ್ಳಬೇಡಿ. ಹಳೆಯ ಮೂಲ ಇಂಗ್ಲಿಷ್ ಪೇಪರನ್ನೇ ಎದುರಿಗಿಟ್ಟು ಕನ್ನಡದಲ್ಲಿ ಬರೆಯಿರಿ. ಎರಡು, ತಾಂತ್ರಿಕ ಪದಗಳಿಗೆ ಒಂದು ನೋಟ್‌ಬುಕ್ ಮಾಡಿ. ವಿತ್ತೀಯ ಕೊರತೆ, ಚಾಲ್ತಿ ಖಾತೆ ಕೊರತೆ, ನೇರ ಲಾಭ ವರ್ಗಾವಣೆ, ಇಂಥವು ನಿದ್ದೆಯಲ್ಲಿ ಕೇಳಿದರೂ ಬರಬೇಕು. ಹಾಲ್‌ನಲ್ಲಿ ಪದ ನೆನಪಾಗದಿದ್ದರೆ ಹುಡುಕುತ್ತಾ ಕೂರಬೇಡಿ. ಭಾರತೀಯ ಭಾಷೆಯಲ್ಲಿ ಬರೆಯುವವರು ತಾಂತ್ರಿಕ ಪದದ ಇಂಗ್ಲಿಷ್ ರೂಪವನ್ನೂ ಆವರಣದಲ್ಲಿ ಕೊಡಬಹುದು ಅಂತ ನಿಯಮವೇ ಹೇಳುತ್ತದೆ. ವಿಷಯವನ್ನು ಸರಳ ಕನ್ನಡದಲ್ಲಿ ಬಿಡಿಸಿ ಹೇಳಿ, ಪಕ್ಕದಲ್ಲಿ ಆ ಪದ ಹಾಕಿ ಮುಂದೆ ಹೋಗಿ.

ಕೆಎಎಸ್ ಕನಸು
ಬಯಲುಸೀಮೆ ಅಣ್ಣ, ಇದನ್ನು ಓದಿ ಹೊಟ್ಟೆ ಉರಿಯಿತು. ನಮ್ಮ ರಾಜ್ಯದ ಪರೀಕ್ಷೆಯಲ್ಲೂ ಅನುಭವಿಸಿದ್ದೇವೆ. 2024ರ ಆಗಸ್ಟ್ 27ರ ಕೆಎಎಸ್ ಪ್ರಿಲಿಮ್ಸ್‌ನಲ್ಲಿ (ಪೂರ್ವಭಾವಿ ಪರೀಕ್ಷೆ) ಕನ್ನಡ ಅನುವಾದ ತಪ್ಪಾಗಿ, ಸರ್ಕಾರ ಮರುಪರೀಕ್ಷೆಗೆ ಹೇಳಬೇಕಾಯಿತು. ಡಿಸೆಂಬರ್ 29ಕ್ಕೆ ಮತ್ತೆ ನಡೆಯಿತು, ಆಗಲೂ ಅನುವಾದದ ದೂರು ಬಂತು. ಕನ್ನಡದಲ್ಲಿ ಓದಿದ ಪ್ರಶ್ನೆ ಸರಿಯಾ ಅಂತ ಪ್ರತಿ ಸಲ ಇಂಗ್ಲಿಷ್ ನೋಡಬೇಕಾದರೆ ಎರಡು ಗಂಟೆ ಎಲ್ಲಿ ಸಾಕಾಗುತ್ತದೆ? ಅಭ್ಯರ್ಥಿಗೆ ಉಸಿರಾಟ ಕಲಿಸುವ ಮೊದಲು ಪ್ರಶ್ನೆ ಪತ್ರಿಕೆ ಸರಿ ಮಾಡಲಿ.

ಬಯಲುಸೀಮೆ
ನಿಮ್ಮ ಮಾತು ನೂರಕ್ಕೆ ನೂರು ಸರಿ. ಅದಕ್ಕೆ ಹೋರಾಟ ಆಗಬೇಕು, ಆಗಿದೆ ಕೂಡ. ಆದರೆ ಪೇಪರ್ ಕೈಗೆ ಬಂದಮೇಲೆ ಕೋಪಕ್ಕೆ ಕೊಡುವ ಸಮಯವೂ ನಮ್ಮದೇ. ಅನುವಾದ ವಿಚಿತ್ರ ಅನಿಸಿದರೆ ಆ ಒಂದು ಪ್ರಶ್ನೆಗೆ ಮಾತ್ರ ಇಂಗ್ಲಿಷ್ ನೋಡಿ, ಉತ್ತರ ಗುರುತಿಸಿ, ಅಲ್ಲಿಗೆ ಬಿಡಿ. ದೂರು ಬರೆಯುವ ಕೆಲಸ ಸಂಜೆಗೆ.

ಪಿಯು ಮೇಷ್ಟ್ರು
ನಾನು ನೀಟ್ ಮತ್ತು ಸಿಇಟಿ ಮಕ್ಕಳಿಗೆ ಪಾಠ ಮಾಡುವವನು. ಬರವಣಿಗೆ ಇಲ್ಲದ ಪರೀಕ್ಷೆಯ ದಣಿವು ಬೇರೆ ತರಹ. ಅದರ ಬಗ್ಗೆಯೂ ಇಲ್ಲಿ ಇರಲಿ.

ನೀಟ್‌ನಲ್ಲಿ 180 ಪ್ರಶ್ನೆ, 180 ನಿಮಿಷ, ಅದೂ ಮಧ್ಯಾಹ್ನ 2ರಿಂದ 5. ಮೈ ಮಂದವಾಗುವ ಹೊತ್ತಿನಲ್ಲೇ ಪರೀಕ್ಷೆ. ನಾನು ಮಕ್ಕಳಿಗೆ ಕೊನೆಯ ಎರಡು ತಿಂಗಳು ಮಾಕ್ ಟೆಸ್ಟನ್ನು ಅದೇ ಹೊತ್ತಿಗೆ ಇಡುತ್ತೇನೆ. ಬೆಳಗಿನ ಜಾವ ಎದ್ದು ಟೆಸ್ಟ್ ಬರೆದು ಒಳ್ಳೆಯ ಅಂಕ ತೆಗೆದರೆ ಅದು ಬೆಳಗಿನ ಜಾವದ ಅಂಕ ಅಷ್ಟೇ. ಜೀವಶಾಸ್ತ್ರದ 90 ಪ್ರಶ್ನೆ ಮೊದಲು ಮುಗಿಸಿ, ಭೌತಶಾಸ್ತ್ರದ ಲೆಕ್ಕ ಕೊನೆಗೆ ಅನ್ನುವವರೇ ಜಾಸ್ತಿ. ಅದನ್ನು ಎಲ್ಲರಿಗೂ ಹೇರಬಾರದು. ಲೆಕ್ಕದಲ್ಲಿ ಕೈ ಇರುವ ಮಗು ತಲೆ ಚುರುಕಾಗಿರುವಾಗಲೇ ಅದನ್ನು ಮುಗಿಸಲಿ.

ದಣಿದವರು ಮಾಡುವ ದೊಡ್ಡ ಎಡವಟ್ಟು ಓಎಂಆರ್‌ನಲ್ಲಿ, ಅಂದರೆ ಉತ್ತರಕ್ಕೆ ವೃತ್ತ ತುಂಬುವ ಹಾಳೆಯಲ್ಲಿ. ಒಂದು ಸಾಲು ಜಾರಿದರೆ ಆಮೇಲೆ ತುಂಬಿದ್ದೆಲ್ಲ ಹೋಯಿತು. ಎಲ್ಲವನ್ನೂ ಕೊನೆಗೆ ತುಂಬುತ್ತೇನೆ ಅಂತ ಇಟ್ಟುಕೊಳ್ಳಬೇಡಿ. ಒಂದು ಪುಟ ಮುಗಿದ ಹಾಗೆ ಆ ಪುಟದ್ದು ತುಂಬಿ. ಆ ಅರ್ಧ ನಿಮಿಷ ತಲೆಗೂ ಬಿಡುವು.

ಎರಡನೆಯದು ಜೂಜು. ಕೊನೆಯ ಇಪ್ಪತ್ತು ನಿಮಿಷದಲ್ಲಿ "ಏನಾದರಾಗಲಿ" ಅಂತ ಗುರುತು ಹಾಕುವ ಮನಸ್ಸು ಬರುತ್ತದೆ. ಸಿಇಟಿಯಲ್ಲಿ ಹಾಕಿ, ಅಲ್ಲಿ ನೆಗೆಟಿವ್ ಇಲ್ಲ. ನೀಟ್‌ನಲ್ಲಿ ತಪ್ಪಿಗೆ ಒಂದು ಅಂಕ ಹೋಗುತ್ತದೆ. ಯುಪಿಎಸ್‌ಸಿ ಪ್ರಿಲಿಮ್ಸ್‌ನಲ್ಲಿ ಮೂರನೇ ಒಂದು ಭಾಗ, ಕೆಎಎಸ್‌ನಲ್ಲಿ ನಾಲ್ಕನೇ ಒಂದು ಭಾಗ. ಎಷ್ಟು ಆಯ್ಕೆ ಹೊಡೆದು ಹಾಕಿದರೆ ಊಹೆ ಮಾಡಬಹುದು ಅನ್ನುವ ನಿಯಮವನ್ನು ಮನೆಯಲ್ಲೇ ಗಟ್ಟಿ ಮಾಡಿಕೊಳ್ಳಿ. ತುಂಗಾತೀರ ಅವರು ಹೇಳಿದ್ದು ಇಲ್ಲೂ ಅಷ್ಟೇ ನಿಜ.

ಹುಬ್ಳಿ ಎಕ್ಸ್‌ಪ್ರೆಸ್
ಮೇಷ್ಟ್ರೇ, ಯುಪಿಎಸ್‌ಸಿ ಪ್ರಿಲಿಮ್ಸ್‌ನ ಎರಡನೇ ಪೇಪರ್ ಸಿಸ್ಯಾಟ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಬೆಳಿಗ್ಗೆ ಜಿಎಸ್ ಕೆಟ್ಟಿತು ಅಂದುಕೊಂಡು ಮಧ್ಯಾಹ್ನ ಸಿಸ್ಯಾಟ್‌ಗೆ ಸೋತ ಮುಖದಲ್ಲಿ ಕೂರುವವರು ಎಷ್ಟೋ ಜನ. 80 ಪ್ರಶ್ನೆ, ಶೇಕಡಾ 33 ಬಂದರೆ ಸಾಕು. ಆದರೆ ಆ 33 ಬರದಿದ್ದರೆ ಬೆಳಿಗ್ಗೆಯ ಪೇಪರ್ ಎಷ್ಟು ಚೆನ್ನಾಗಿದ್ದರೂ ಲೆಕ್ಕಕ್ಕಿಲ್ಲ. ಪೇಪರ್ ಕಷ್ಟ ಇದ್ದ ವರ್ಷ ಕಟ್ ಆಫ್ ಕೂಡ ಇಳಿಯುತ್ತದೆ. ಹನ್ನೊಂದೂವರೆಗೆ ಹಾಲ್‌ನಿಂದ ಹೊರಬಂದಾಗ ನಿಮ್ಮ ಪೇಪರ್ ಹೇಗಾಗಿದೆ ಅಂತ ನಿಮಗೆ ನಿಜವಾಗಿ ಗೊತ್ತಿರುವುದಿಲ್ಲ.

ಇನ್ನು ಉಸಿರಾಟ, ಧ್ಯಾನ ಇದರಲ್ಲೆಲ್ಲ ನನಗೆ ನಂಬಿಕೆ ಇಲ್ಲ. ಟೆಸ್ಟ್ ಬರೆಯಿರಿ, ಇನ್ನೂ ಬರೆಯಿರಿ. ಅದೊಂದೇ ದಾರಿ.

ಮಂಡ್ಯದ ಮಗಳು
ಎಕ್ಸ್‌ಪ್ರೆಸ್ ಅಣ್ಣ, ಅದು ಎಲ್ಲರಿಗೂ ಸಾಲುವುದಿಲ್ಲ. ನಾನು ಟೆಸ್ಟ್ ಸೀರೀಸ್ ಪೂರ್ತಿ ಬರೆದವಳು. ಆದರೂ ನಿಜವಾದ ಪರೀಕ್ಷೆಯಲ್ಲಿ ಪೇಪರ್ ಕೈಗೆ ಬಂದ ಕೂಡಲೇ ಎಲ್ಲ ಖಾಲಿ. ಕೈ ನಡುಗುತ್ತದೆ, ಎದೆ ಡವಡವ ಅನ್ನುತ್ತದೆ. ನನಗೆ ಸಣ್ಣ ಮಗು ಇದೆ. ಮನೆಯಲ್ಲಿ "ಇದು ಕೊನೆಯ ಸಲ" ಅಂತ ಹೇಳಿ ಕಳಿಸಿದ್ದಾರೆ. ಆ ಮಾತು ಕಿವಿಯಲ್ಲೇ ಇರುತ್ತದೆ. ಇದಕ್ಕೆ ಟೆಸ್ಟ್ ಏನು ಮಾಡುತ್ತದೆ?

ತುಂಗಾತೀರ
ತಂಗಿ, ನೀವು ಹೇಳಿದ್ದು ಓದಿ ಸಂಕಟ ಆಯಿತು. ಹುಬ್ಳಿಯವರು ಹೇಳಿದ್ದೂ ಅರ್ಧ ನಿಜ, ಅಭ್ಯಾಸ ಇಲ್ಲದೆ ಏನೂ ಆಗುವುದಿಲ್ಲ. ಆದರೆ ಚಿಂತೆ ಜಾಗ ತಿನ್ನುತ್ತದೆ. ಒಂದು ಹೊತ್ತಿಗೆ ತಲೆಯಲ್ಲಿ ಹಿಡಿದಿಟ್ಟುಕೊಳ್ಳುವ ಸಾಮರ್ಥ್ಯ ಎಲ್ಲರಿಗೂ ಸಣ್ಣದೇ. ಅದರಲ್ಲಿ "ಮನೆಯವರು ಏನಂತಾರೆ" ಅನ್ನುವುದು ಕೂತುಬಿಟ್ಟರೆ ಪ್ರಶ್ನೆಗೆ ಜಾಗ ಎಲ್ಲಿ?

2011ರಲ್ಲಿ ಜೆರಾರ್ಡೊ ರಾಮಿರೆಜ್ ಮತ್ತು ಸಯಾನ್ ಬೈಲಾಕ್ ಅನ್ನುವ ಮನಶ್ಶಾಸ್ತ್ರಜ್ಞರು ಸೈನ್ಸ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪರೀಕ್ಷೆಗೆ ಸ್ವಲ್ಪ ಮೊದಲು ಹತ್ತು ನಿಮಿಷ ತಮ್ಮ ಭಯವನ್ನು ಕಾಗದದ ಮೇಲೆ ಬರೆದ ವಿದ್ಯಾರ್ಥಿಗಳು ಚೆನ್ನಾಗಿ ಬರೆದರು. ಪರೀಕ್ಷೆ ಅಂದರೆ ಹೆದರುವವರಿಗೇ ಅದರಿಂದ ಹೆಚ್ಚು ಲಾಭ ಆಗಿತ್ತು. ನೀವೂ ಮಾಡಿ ನೋಡಿ. ಗೇಟಿನ ಹೊರಗೆ ಒಂದು ಹಾಳೆಯಲ್ಲಿ ಎಲ್ಲ ಬರೆಯಿರಿ. ಅತ್ತೆ ಹೇಳಿದ್ದು, ಗಂಡ ಹೇಳದೇ ಇದ್ದದ್ದು, ಎಲ್ಲ. ಯಾರಿಗೂ ತೋರಿಸಬೇಡಿ, ಹರಿದು ಎಸೆದು ಒಳಗೆ ಹೋಗಿ.

ಒಳಗೆ ಕೈ ನಡುಗಿದರೆ ಎರಡೂ ಪಾದ ನೆಲಕ್ಕೆ ಗಟ್ಟಿಯಾಗಿ ಊರಿ. ನಾಲ್ಕು ಎಣಿಸುತ್ತಾ ಉಸಿರು ತೆಗೆದುಕೊಳ್ಳಿ, ಎಂಟು ಎಣಿಸುತ್ತಾ ಬಿಡಿ. ಬಿಡುವುದು ನಿಧಾನ ಆದಷ್ಟೂ ಎದೆಬಡಿತ ಇಳಿಯುತ್ತದೆ. ಐದು ಸಲಕ್ಕೆ ಒಂದು ನಿಮಿಷ. ಆಮೇಲೆ ಇಡೀ ಪೇಪರ್ ತಿರುವಿ ಹಾಕಬೇಡಿ. ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಪ್ರಶ್ನೆ ಸಿಕ್ಕ ಕೂಡಲೇ ಅದನ್ನು ಬರೆಯಲು ಶುರು ಮಾಡಿ. ಮೊದಲ ಉತ್ತರ ಮುಗಿಯುವಷ್ಟರಲ್ಲಿ ಕೈ ಸರಿಹೋಗುತ್ತದೆ.

ಇನ್ನೊಂದು ವಿಷಯ, ಇದು ಎಲ್ಲರಿಗೂ. ವಾರಗಟ್ಟಲೆ ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಪುಸ್ತಕ ತೆರೆದರೆ ಅಳು ಬರುತ್ತದೆ ಅಂದರೆ ಅದು ಬರೀ ಪರೀಕ್ಷೆಯ ಟೆನ್ಷನ್ ಅಂತ ತಳ್ಳಿಹಾಕಬೇಡಿ. ಬದುಕೇ ಬೇಡ ಅನ್ನುವ ಯೋಚನೆ ಒಂದು ಸಲ ಬಂದರೂ ಸುಮ್ನೆ ಇರಬೇಡಿ, ಆಗಲೇ ಯಾರಿಗಾದರೂ ಹೇಳಿ. ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಹಣ ಕೊಡಬೇಕಿಲ್ಲ, ದಿನದ 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರು ಮಾಡಿದ್ದು, ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಹತ್ತಿರದಲ್ಲಿ ವೈದ್ಯರು ಇದ್ದರೆ ಅವರನ್ನೂ ನೋಡಿ.

ಹುಬ್ಳಿ ಎಕ್ಸ್‌ಪ್ರೆಸ್
ಸಿಸ್ಟರ್, ನಿಮ್ಮ ಪರಿಸ್ಥಿತಿ ಗೊತ್ತಿಲ್ಲದೆ ಎಲ್ಲರಿಗೂ ಒಂದೇ ದಾರಿ ಅಂದುಬಿಟ್ಟೆ. ಮನೆ ಜವಾಬ್ದಾರಿ ಹೊತ್ತು ಬರೆಯುವವರ ಕಷ್ಟ ಬೇರೆಯೇ. ಟೆಸ್ಟ್ ಪೇಪರ್ ತಿದ್ದಲು ಯಾರಾದರೂ ಬೇಕಿದ್ದರೆ ಇಲ್ಲೇ ಹೇಳಿ, ನಾನು ನೋಡಿಕೊಡುತ್ತೇನೆ.

ತಮ್ಮನ ಅಕ್ಕ
ನಾನು ಪರೀಕ್ಷೆ ಬರೆಯುವವಳಲ್ಲ. ನನ್ನ ತಮ್ಮ ಬರೆಯುತ್ತಿದ್ದಾನೆ. ಮನೆಯವರು ಏನು ಮಾಡಬೇಕು ಅಂತ ಯಾರಾದರೂ ಹೇಳುತ್ತೀರಾ? ಫೋನ್ ಮಾಡಿದರೆ ಸಿಡುಕುತ್ತಾನೆ, ಮಾಡದಿದ್ದರೆ ಅಮ್ಮನಿಗೆ ಸಮಾಧಾನ ಇಲ್ಲ.

ಬಯಲುಸೀಮೆ
ಅಕ್ಕ, ಪರೀಕ್ಷೆ ನಡೆಯುವ ದಿನಗಳಲ್ಲಿ "ಹೇಗೆ ಬರೆದೆ" ಅಂತ ಒಂದು ಸಲವೂ ಕೇಳಬೇಡಿ. "ಊಟ ಆಯ್ತಾ" ಅಂತ ಕೇಳಿ, ಊರಿನ ಮಳೆ ಬೆಳೆ ಹೇಳಿ, ಇಟ್ಟುಬಿಡಿ. ನಮ್ಮ ಅಪ್ಪ ಹಾಗೇ ಮಾಡುತ್ತಿದ್ದರು. ಹಾಲ್ ಟಿಕೆಟ್ ಪ್ರಿಂಟ್ ತೆಗೆಸುವುದು, ಸೆಂಟರ್ ಹತ್ತಿರ ರೂಮ್ ನೋಡುವುದು, ಬಸ್ಸಿನ ಸಮಯ ವಿಚಾರಿಸುವುದು ಇಂಥ ಕೆಲಸ ನೀವು ತೆಗೆದುಕೊಳ್ಳಿ. ಕರ್ನಾಟಕದಲ್ಲಿ ಯುಪಿಎಸ್‌ಸಿ ಮೇನ್ಸ್ ಸೆಂಟರ್ ಇರುವುದು ಬೆಂಗಳೂರಿನಲ್ಲಿ ಮಾತ್ರ. ಹೊರಗಿನಿಂದ ಬರುವವರಿಗೆ ಅದೇ ಅರ್ಧ ದಣಿವು. ಒಂದು ದಿನ ಮೊದಲೇ ಬಂದು ಸೆಂಟರ್ ನೋಡಿಕೊಂಡರೆ ಬೆಳಿಗ್ಗೆಯ ಗಾಬರಿ ಇರುವುದಿಲ್ಲ.

ಸಪ್ತಾಪುರದ ಓದುಗ
ಎಲ್ಲರ ಉತ್ತರಗಳನ್ನೂ ಬರೆದಿಟ್ಟುಕೊಂಡೆ. ತುಂಬಾ ಧನ್ಯವಾದ. ಇನ್ನೂ ಎರಡು ಅನುಮಾನ. ಜಿಎಸ್ 4 (ನೀತಿಶಾಸ್ತ್ರದ ಪೇಪರ್) ಮೂರನೇ ದಿನದ ಮಧ್ಯಾಹ್ನ ಬರುತ್ತದೆ, ಅಷ್ಟರಲ್ಲಿ ಎಲ್ಲ ಸೋತಿರುತ್ತೇವೆ. ಅದರಲ್ಲಿ ಕೇಸ್ ಸ್ಟಡಿ ಮೊದಲು ಬರೆಯಲಾ? ಮತ್ತೆ ಎರಡು ವಾರಾಂತ್ಯದ ನಡುವಿನ ದಿನಗಳಲ್ಲಿ ಏನು ಮಾಡಲಿ?

ತುಂಗಾತೀರ
ನಾನು ಕೇಸ್ ಸ್ಟಡಿಯಿಂದಲೇ ಶುರು ಮಾಡುತ್ತಿದ್ದೆ. ಆರು ಕೇಸ್, 120 ಅಂಕ, ಒಂದಕ್ಕೆ ಸುಮಾರು 15 ನಿಮಿಷ ಅಂದರೆ ಒಂದೂವರೆ ಗಂಟೆ. ಉದ್ದದ ಕಥೆ ಓದಬೇಕು, ಯಾರಿಗೆ ಏನು ಹಿತ ಅಂತ ತೂಗಬೇಕು. ಆ ಕೆಲಸ ತಲೆ ಸ್ವಲ್ಪ ಚೆನ್ನಾಗಿರುವಾಗಲೇ ಆಗಲಿ. ಥಿಯರಿ ಪ್ರಶ್ನೆ ದಣಿದಾಗಲೂ ಬರೆಯಬಹುದು.

ಬಯಲುಸೀಮೆ
ನನ್ನದು ಉಲ್ಟಾ. ಕೇಸ್ ಮೊದಲು ಬರೆದರೆ ಒಂದೊಂದಕ್ಕೂ ಇಪ್ಪತ್ತು ನಿಮಿಷ ಎಳೆಯುತ್ತದೆ, ಥಿಯರಿಗೆ ಸಮಯ ಉಳಿಯುವುದಿಲ್ಲ. ಎರಡೂ ರೀತಿ ಒಂದೊಂದು ಮಾಕ್ ಬರೆದು ನೋಡಿ, ಯಾವುದು ನಿಮಗೆ ಒಗ್ಗುತ್ತದೋ ಅದನ್ನೇ ಇಟ್ಟುಕೊಳ್ಳಿ. ಹಾಲ್‌ನಲ್ಲಿ ಮಾತ್ರ ಬದಲಾಯಿಸಬೇಡಿ.

ನಡುವಿನ ದಿನಗಳ ವಿಷಯ. 2025ರ ಮೇನ್ಸ್ ಆಗಸ್ಟ್ 22, 23, 24, ಆಮೇಲೆ 30, 31ಕ್ಕೆ ಇತ್ತು. ನಡುವೆ ಐದು ದಿನ. ಮೊದಲ ದಿನ ಪೂರ್ತಿ ನಿದ್ದೆ ಮಾಡಿ, ಬಟ್ಟೆ ಒಗೆಯಿರಿ, ನಡೆದಾಡಿ. ಜಿಎಸ್ ಪೇಪರ್‌ನ ಚರ್ಚೆ ನಡೆಯುವ ಟೆಲಿಗ್ರಾಂ ಗುಂಪುಗಳನ್ನೆಲ್ಲ ಮ್ಯೂಟ್ ಮಾಡಿ. ಉಳಿದ ನಾಲ್ಕು ದಿನ ಆಪ್ಷನಲ್ ರಿವಿಷನ್, ಅದು 500 ಅಂಕ. ಭಾಷಾ ಪತ್ರಿಕೆಗಳು ಮೂವತ್ತಕ್ಕೇ ಇದ್ದವು, ಮಾರನೇ ದಿನವೇ ಆಪ್ಷನಲ್. ಕನ್ನಡ, ಇಂಗ್ಲಿಷ್ ಎರಡರಲ್ಲೂ ಶೇಕಡಾ 25 ಬರಲೇಬೇಕು, ಇಲ್ಲದಿದ್ದರೆ ಬೇರೆ ಪೇಪರ್ ನೋಡುವುದೇ ಇಲ್ಲ. ಹಾಗಂತ ಅವತ್ತು ಕೈ ಮುರಿಯುವ ಹಾಗೆ ಬರೆಯಬೇಡಿ. ಸರಾಗವಾಗಿ, ಪೆನ್ನನ್ನು ಸಡಿಲವಾಗಿ ಹಿಡಿದು ಬರೆಯಿರಿ. ಬೆರಳು ನೋವು ಅಂದಿರಲ್ಲ, ಒತ್ತಿ ಬರೆಯುವವರಿಗೇ ಅದು ಜಾಸ್ತಿ. ಒತ್ತದೆ ಓಡುವ ಜೆಲ್ ಪೆನ್ ಈಗಲೇ ಅಭ್ಯಾಸ ಮಾಡಿಕೊಳ್ಳಿ.

ಸಪ್ತಾಪುರದ ಓದುಗ
ಆಯ್ತು ಅಣ್ಣ. ಈ ಭಾನುವಾರ ಬೆಳಿಗ್ಗೆ 9ರಿಂದ 12 ಜಿಎಸ್ 3, ಮಧ್ಯಾಹ್ನ 2:30ರಿಂದ ಜಿಎಸ್ 4, ಮೂಲ ಇಂಗ್ಲಿಷ್ ಪೇಪರ್ ಇಟ್ಟುಕೊಂಡು ಬರೆಯುತ್ತೇನೆ. ಕೇಸ್ ಸ್ಟಡಿ ಮೊದಲು. ಧಾರವಾಡದಲ್ಲಿ ಯಾರಾದರೂ ಜೊತೆಗೆ ಕೂರುತ್ತೀರಾ? ಹಾಲ್‌ಗೆ ಕೈಗಡಿಯಾರ ಬಿಡುತ್ತಾರಾ ಅನ್ನುವುದೂ ಹೇಳಿ.

ಕೆಎಎಸ್ ಕನಸು
ನಾನು ಬರುತ್ತೇನೆ. ನನ್ನ ರೂಮ್‌ಮೇಟ್ ಕೂಡ ಬರುತ್ತಾನೆ. ಅವನದು ಕೆಎಎಸ್ ಪೇಪರ್, ಆದರೆ ಸಮಯ ಒಂದೇ ಇಟ್ಟುಕೊಳ್ಳಬಹುದು.

ತುಂಗಾತೀರ
ಯುಪಿಎಸ್‌ಸಿಯಲ್ಲಿ ಮಾಮೂಲಿ ಕೈಗಡಿಯಾರ ಬಿಡುತ್ತಾರೆ, ಸ್ಮಾರ್ಟ್ ವಾಚ್ ಬಿಡುವುದಿಲ್ಲ. ಮುಳ್ಳಿನ ಗಡಿಯಾರ ಒಂದು ತೆಗೆದುಕೊಂಡು ಭಾನುವಾರವೇ ಕಟ್ಟಿಕೊಂಡು ಕೂರಿ. 3:40, 4:35 ಅಂದೆನಲ್ಲ, ಅದು ಇಪ್ಪತ್ತು ಪ್ರಶ್ನೆಯ ಪೇಪರ್‌ಗೆ. ಜಿಎಸ್ 4ಕ್ಕೆ ನಾಲ್ಕು ಗಂಟೆಗೆ ಆರು ಕೇಸ್ ಮುಗಿದಿರಬೇಕು. ಬರೆದ ಮೇಲೆ ಎಷ್ಟು ಗಂಟೆಗೆ ಎಲ್ಲಿದ್ದಿರಿ ಅಂತ ಇಲ್ಲಿ ಹಾಕಿ, ನೋಡೋಣ.